ಎಕ್ಸ್‌ವಿ6 ಕರ್ನಲ್‌ನ ಹದಿಮೂರು ಕೆ-ಆಲಾಕ್‌ಗಳು

ಕೆಲಸ ಇಷ್ಟೇ. ಒಂದು ಚಿಕ್ಕ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್‌ನಲ್ಲಿ, ಅಂದರೆ ಅದರ ತಿರುಳಿನಲ್ಲಿ, ಮೆಮೊರಿ ಕೇಳುವ ಕೋಡ್ ಅಲ್ಲಲ್ಲಿ ಕಾಪಿಯಾಗಿ ಕೂತಿದೆ. ಅದನ್ನು ಒಂದು ಕಡೆಗೆ ತರಬೇಕು. ಆದರೆ ಕರ್ನಲ್ ನಡೆದುಕೊಳ್ಳುವ ರೀತಿ ಬದಲಾಗಬಾರದು.

ಕರ್ನಲ್ ಯಾವುದು ಅಂದರೆ ಎಕ್ಸ್‌ವಿ6. ಎಂಐಟಿಯಲ್ಲಿ ಪಾಠ ಮಾಡುವುದಕ್ಕೆ ಅಂತ 2006ರಲ್ಲಿ ಬರೆದದ್ದು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಯುನಿಕ್ಸ್ ಆರನೇ ಆವೃತ್ತಿಯ ಜಾಡಿನಲ್ಲೇ ಇದೆ. ಈಗ ಓಡುವುದು ರಿಸ್ಕ್-ಫೈವ್ ಅನ್ನುವ ಪ್ರೊಸೆಸರ್ ವಿನ್ಯಾಸದ ಮೇಲೆ. ಲಿನಕ್ಸ್‌ನಂತೆ ಕೋಟಿಗಟ್ಟಲೆ ಸಾಲುಗಳಿಲ್ಲ, ಕೂತು ಓದಿದರೆ ಮುಗಿಯುತ್ತದೆ. ನಮಗೆ ಇನ್ನೊಂದು ಅನುಕೂಲವೂ ಇತ್ತು. ಇದಕ್ಕೆ ಬೇರೆ ಬೋರ್ಡು ಬೇಡ, ಕಂಪ್ಯೂಟರನ್ನೇ ಸಾಫ್ಟ್‌ವೇರ್‌ನಲ್ಲಿ ಅನುಕರಿಸುವ ಕ್ಯೂಎಮು ಒಳಗೇ ಓಡುತ್ತದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ. ಮಳೆಗಾಲದಲ್ಲಿ ಹುಲೇಕಲ್ ಕಡೆಯ ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಕರ್ನಲ್ ಬೂಟ್ ಆಗುತ್ತದೆ.

ಜೊತೆಗಿದ್ದವಳು ಅಕ್ಕನ ಮಗಳು. ಕಾರವಾರದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ರಜೆಗೆ ಶಿರಸಿಗೆ ಬಂದವಳು, ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯುವುದು ಬೇಡ ಅಂತ ಇನ್ನೂ ಸ್ವಲ್ಪ ದಿನ ಉಳಿದಳು. ಸುಮ್ನೆ ಕೂತಿರುವ ಬದಲು ಇದನ್ನು ಮಾಡೋಣ ಅಂದದ್ದು ಅವಳೇ.

ಮೊದಲು ಎಕ್ಸ್‌ವಿ6 ಮೆಮೊರಿಯನ್ನು ಹೇಗೆ ಹಂಚುತ್ತದೆ ಅಂತ ನೋಡಿಬಿಡೋಣ. ಕ್ಯೂಎಮು ಅನುಕರಿಸುವ ವರ್ಟ್ ಅನ್ನುವ ಮಷೀನ್‌ನಲ್ಲಿ ರಾಮ್ ಶುರುವಾಗುವುದು ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) 80000000 ಎಂಬ ವಿಳಾಸದಿಂದ. ಎಕ್ಸ್‌ವಿ6 ಅಲ್ಲಿಂದ 128 ಎಂಬಿ ಬಳಸುತ್ತದೆ. ಅದನ್ನು 4096 ಬೈಟ್‌ನ ಪುಟಗಳಾಗಿ ಲೆಕ್ಕ ಹಾಕಿದರೆ 32768 ಪುಟ. ಕರ್ನಲ್ ತಾನು ಕೂತ ಜಾಗ ಬಿಟ್ಟು ಉಳಿದದ್ದೆಲ್ಲ ಒಂದು ಲಿಸ್ಟ್‌ಗೆ ಹೋಗುತ್ತದೆ. ಲಿಸ್ಟ್ ಇಡಲು ಬೇರೆ ಜಾಗ ಕೂಡ ಇಲ್ಲ. ಖಾಲಿ ಪುಟದ ಮೊದಲ 8 ಬೈಟ್‌ನಲ್ಲೇ ಮುಂದಿನ ಖಾಲಿ ಪುಟದ ವಿಳಾಸ ಬರೆದಿಟ್ಟಿರುತ್ತದೆ. ಪುಟ ಕೇಳುವ ಫಂಕ್ಷನ್ ಕೆ-ಆಲಾಕ್, ಅದನ್ನು ಕರೆದರೆ ಲಿಸ್ಟಿನ ತಲೆಯಿಂದ ಒಂದು ಪುಟ ಸಿಗುತ್ತದೆ. ಕೆ-ಫ್ರೀ ಕರೆದರೆ ಅದು ಮತ್ತೆ ತಲೆಗೆ ಸೇರುತ್ತದೆ. ಚಿಕ್ಕ ಅಳತೆಯ ಹಂಚಿಕೆ ಇಲ್ಲವೇ ಇಲ್ಲ. ಬೇಕಾದ್ದು ನೂರು ಬೈಟ್ ಆದರೂ ಇಡೀ ಪುಟವನ್ನೇ ತಗೋಬೇಕು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಣತನ ಇದೆ. ಕೆ-ಫ್ರೀ ಪುಟವನ್ನು ಲಿಸ್ಟ್‌ಗೆ ಸೇರಿಸುವ ಮೊದಲು ಪ್ರತಿ ಬೈಟ್‌ನಲ್ಲೂ 1 ತುಂಬುತ್ತದೆ. ಕೆ-ಆಲಾಕ್ ಕೊಡುವ ಮೊದಲು ಪ್ರತಿ ಬೈಟ್‌ನಲ್ಲೂ 5 ತುಂಬುತ್ತದೆ. ಬೇಕಂತಲೇ ತುಂಬಿದ ಕಸ ಅದು. ಡೀಬಗರ್‌ನಲ್ಲಿ 01010101 ಕಂಡರೆ, ಯಾರೋ ವಾಪಸ್ ಕೊಟ್ಟ ಪುಟವನ್ನು ಇನ್ನೂ ಓದುತ್ತಿದ್ದಾರೆ ಅಂತ ಅರ್ಥ. 05050505 ಕಂಡರೆ, ತಗೊಂಡವರು ಏನೂ ಬರೆಯದೆ ಓದಿದ್ದಾರೆ ಅಂತ ಅರ್ಥ. ಈ ವಿಷಯ ಮುಂದೆ ಬೇಕಾಗುತ್ತದೆ.

ಇನ್ನು ಕೋಡ್‌ಗೆ ಬರೋಣ. ಕರ್ನಲ್ ಫೋಲ್ಡರ್‌ನಲ್ಲಿ ಗ್ರೆಪ್ ಹಾಕಿ ಹುಡುಕಿದರೆ, ನಮ್ಮ ಬಳಿ ಇರುವ ಸ್ವಲ್ಪ ಹಳೆಯ ಆವೃತ್ತಿಯಲ್ಲಿ ಕೆ-ಆಲಾಕ್ ಕರೆಯುವ ಜಾಗ ಹದಿಮೂರು. ವರ್ಚುವಲ್ ಮೆಮೊರಿ ಫೈಲ್‌ನಲ್ಲೇ ಆರು ಇವೆ, ಈ ಫಂಕ್ಷನ್‌ಗಳಲ್ಲಿ: ವಾಕ್, ಕೆವಿಎಂ-ಮೇಕ್, ಯುವಿಎಂ-ಕ್ರಿಯೇಟ್, ಯುವಿಎಂ-ಫಸ್ಟ್, ಯುವಿಎಂ-ಆಲಾಕ್, ಯುವಿಎಂ-ಕಾಪಿ. ಪ್ರೊಸೆಸ್ ಫೈಲ್‌ನಲ್ಲಿ ಎರಡು. ಒಂದು ಕರ್ನಲ್ ಸ್ಟ್ಯಾಕ್‌ಗೆ, ಇನ್ನೊಂದು, ಪ್ರೊಸೆಸ್ ಕರ್ನಲ್ ಒಳಗೆ ಬರುವಾಗ ಅದರ ರಿಜಿಸ್ಟರ್‌ಗಳನ್ನು ಉಳಿಸಿಡುವ ಟ್ರ್ಯಾಪ್‌ಫ್ರೇಮ್‌ಗೆ. ಪ್ರೊಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ಪೈಪ್‌ಗೆ ಒಂದು. ಹೊಸ ಪ್ರೋಗ್ರಾಮ್ ಓಡಿಸುವ ಎಕ್ಸೆಕ್ ಸಿಸ್ಟಮ್ ಕಾಲ್‌ನಲ್ಲಿ (ಸಿಸ್ಟಮ್ ಕಾಲ್ ಅಂದರೆ ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಆರ್ಗ್ಯುಮೆಂಟ್ ಇಡಲು ಒಂದು. ವರ್ಟ್‌ಐಓ ಡಿಸ್ಕ್ ಡ್ರೈವರ್‌ನಲ್ಲಿ ಒಂದರ ಕೆಳಗೊಂದು ಮೂರು. ಇವುಗಳಲ್ಲಿ ಎಂಟು ಕಡೆ ಪುಟ ತಗೊಂಡ ಮೇಲೆ ಮೆಮ್‌ಸೆಟ್‌ನಿಂದ ಸೊನ್ನೆ ತುಂಬುವ ಸಾಲು ಇದೆ.

"ಮಾವ, ಇದೆಲ್ಲ ಒಂದೇ ಅಲ್ವಾ? ಒಂದು ಫಂಕ್ಷನ್ ಮಾಡಿದ್ರೆ ಆತಲ್ಲ" ಅಂದಳು. ಅವಳ ತಲೆಯಲ್ಲಿ ಆಗಲೇ ಒಂದು ದೊಡ್ಡ ಫಂಕ್ಷನ್ ಕೂತಿತ್ತು. ಸೊನ್ನೆ ತುಂಬಬೇಕಾ ಅನ್ನುವುದಕ್ಕೆ ಒಂದು ಫ್ಲ್ಯಾಗ್, ಅಂದರೆ ಹೌದು-ಇಲ್ಲ ಗುರುತು. ಸಿಗದಿದ್ದರೆ ಪ್ಯಾನಿಕ್ ಆಗಬೇಕಾ, ಅಂದರೆ ಸಂದೇಶ ಕೊಟ್ಟು ಕರ್ನಲ್ಲೇ ನಿಂತುಬಿಡಬೇಕಾ, ಅನ್ನುವುದಕ್ಕೆ ಇನ್ನೊಂದು. ಪೇಜ್ ಟೇಬಲ್‌ಗೆ (ಯಾವ ವಿಳಾಸಕ್ಕೆ ಯಾವ ಪುಟ ಅನ್ನುವ ಪಟ್ಟಿ) ಸೇರಿಸಬೇಕಾ ಅನ್ನುವುದಕ್ಕೆ ಮತ್ತೊಂದು.

"ಮೇಲಿನ ಸಾಲು ಬಿಡು ಕೂಸೆ. ಮೆಮೊರಿ ಸಿಗದೇ ಇದ್ದಾಗ ಎಂತ ಮಾಡ್ತು ನೋಡು" ಅಂದೆ.

ನೋಡಿದರೆ ಹದಿಮೂರು ಕಡೆ ಹದಿಮೂರು ದಾರಿ ಅಲ್ಲದಿದ್ದರೂ, ನಾಲ್ಕು ದಾರಿಯಂತೂ ಇವೆ. ವಾಕ್ ಮತ್ತು ಯುವಿಎಂ-ಕ್ರಿಯೇಟ್ ಸುಮ್ನೆ ಸೊನ್ನೆ ಹಿಂತಿರುಗಿಸುತ್ತವೆ. ಯುವಿಎಂ-ಆಲಾಕ್, ಟ್ರ್ಯಾಪ್‌ಫ್ರೇಮ್ ಕೇಳುವ ಆಲಾಕ್-ಪ್ರೊಕ್, ಎಕ್ಸೆಕ್ ಇವೆಲ್ಲ ಅಲ್ಲಿವರೆಗೆ ಮಾಡಿದ್ದನ್ನು ಬಿಚ್ಚಿ, ತಗೊಂಡಿದ್ದನ್ನು ಕೊಟ್ಟು, ಆಮೇಲೆ ಸೋಲೊಪ್ಪುತ್ತವೆ. ಕರ್ನಲ್ ಸ್ಟ್ಯಾಕ್ ಮತ್ತು ಡಿಸ್ಕ್ ಡ್ರೈವರ್ ಪ್ಯಾನಿಕ್ ಆಗುತ್ತವೆ. ಕೆವಿಎಂ-ಮೇಕ್ ಮತ್ತು ಯುವಿಎಂ-ಫಸ್ಟ್ ನೋಡುವುದೇ ಇಲ್ಲ. ಬೂಟ್ ಸಮಯದಲ್ಲಿ ಮೆಮೊರಿ ಇದ್ದೇ ಇರುತ್ತದೆ ಅನ್ನುವ ಧೈರ್ಯ.

ನನ್ನ ಅಭಿಪ್ರಾಯ ಇದು: ಮೆಮೊರಿ ಹಂಚಿಕೆಯ ಕೋಡ್‌ನಲ್ಲಿ ಕಾಪಿ ಅಂತ ಕರೆಯಬೇಕಾದ್ದು ಕೇಳುವ ಸಾಲನ್ನಲ್ಲ, ಸಿಗದಿದ್ದಾಗಿನ ದಾರಿಯನ್ನು. ಆ ದಾರಿ ಒಂದೇ ಆಗಿದ್ದರೆ ಸೇರಿಸಬಹುದು. ಬೇರೆ ಬೇರೆ ಆಗಿದ್ದರೆ, ಸೇರಿಸಿದ ಫಂಕ್ಷನ್ ಒಳಗೆ ಅಷ್ಟೂ ದಾರಿಗಳು ಫ್ಲ್ಯಾಗ್ ವೇಷ ಹಾಕಿಕೊಂಡು ಹಾಗೇ ಇರುತ್ತವೆ. ಓದುವವರಿಗೆ ಮಾತ್ರ ಕಾಣುವುದಿಲ್ಲ.

ಹಾಗಾಗಿ ಕೋಡ್ ಮುಟ್ಟುವ ಮೊದಲು, ಸಿಗದಿದ್ದಾಗಿನ ದಾರಿಯನ್ನು ಬೇಕಾದಾಗ ನಡೆಸಿ ನೋಡುವ ವ್ಯವಸ್ಥೆ ಮಾಡಿಕೊಂಡೆವು. ಎರಡು ಸಣ್ಣ ಸೇರ್ಪಡೆ. ಒಂದು, ಖಾಲಿ ಪುಟಗಳ ಎಣಿಕೆ. ಕೆ-ಫ್ರೀಯಲ್ಲಿ ಲಿಸ್ಟಿನ ಲಾಕ್ (ಒಂದು ಸಲಕ್ಕೆ ಒಂದೇ ಸಿಪಿಯು ಮುಟ್ಟಲಿ ಅನ್ನುವ ಬೀಗ) ಹಿಡಿದಿರುವಾಗ ಒಂದು ಕೂಡಿಸುವುದು, ಕೆ-ಆಲಾಕ್‌ನಲ್ಲಿ ಒಂದು ಕಳೆಯುವುದು. ಬೂಟ್ ಆಗುವಾಗ ಎಲ್ಲ ಪುಟಗಳೂ ಕೆ-ಫ್ರೀ ಮೂಲಕವೇ ಲಿಸ್ಟ್‌ಗೆ ಸೇರುವುದರಿಂದ ಎಣಿಕೆ ತಾನಾಗಿ ಸರಿಯಾಗುತ್ತದೆ, ಬೇರೆ ಆರಂಭ ಬೇಡ. ಎರಡು, ಒಂದು ಕೌಂಟ್‌ಡೌನ್. ಅದಕ್ಕೆ 6 ಅಂತ ಹಾಕಿದರೆ ಇನ್ನು ಮುಂದಿನ ಆರನೇ ಕೋರಿಕೆಗೆ ಕೆ-ಆಲಾಕ್ ಇಲ್ಲ ಅನ್ನುತ್ತದೆ, ಪುಟ ರಾಶಿ ಬಿದ್ದಿದ್ದರೂ. ಎರಡಕ್ಕೂ ಒಂದೊಂದು ಸಿಸ್ಟಮ್ ಕಾಲ್.

ಅದರ ಮೇಲೆ ಪರೀಕ್ಷೆಯ ಪ್ರೋಗ್ರಾಮ್. ಖಾಲಿ ಪುಟ ಎಣಿಸು, ಕೌಂಟ್‌ಡೌನ್‌ಗೆ ಒಂದು ಹಾಕು, ಫೋರ್ಕ್ ಮಾಡು (ಪ್ರೊಸೆಸ್‌ನ ನಕಲು ಹುಟ್ಟಿಸು), ಮತ್ತೆ ಎಣಿಸು. ಆಮೇಲೆ ಎರಡು ಹಾಕು, ಮೂರು ಹಾಕು, ಹೀಗೆ ಫೋರ್ಕ್ ಪೂರ್ತಿ ಗೆಲ್ಲುವವರೆಗೆ. ಪ್ರತಿ ಸಲವೂ ಮೊದಲಿನ ಎಣಿಕೆ, ಕೊನೆಯ ಎಣಿಕೆ ಒಂದೇ ಇರಬೇಕು. ಎಕ್ಸೆಕ್‌ಗೂ ಹೀಗೇ ಇನ್ನೊಂದು. ಓಡಿಸುವಾಗ ಮೇಕ್‌ಗೆ ಒಂದೇ ಸಿಪಿಯು ಅಂತ ಹೇಳಬೇಕು, ಇಲ್ಲದಿದ್ದರೆ ಮೂರು ಸಿಪಿಯು ಬರುತ್ತದೆ. ಒಂದಿದ್ದರೆ ಯಾವ ಕೋರಿಕೆ ಯಾವಾಗ ಬಂತು ಅನ್ನುವ ಲೆಕ್ಕ ಹಿಡಿಯುವುದು ಸುಲಭ. ಲಿನಕ್ಸ್‌ನಲ್ಲಿ ಫೇಲ್‌ಸ್ಲ್ಯಾಬ್ ಅನ್ನುವ ಸೌಲಭ್ಯ ಇದೇ ಕೆಲಸಕ್ಕೆ ಇದೆ, ಅಲ್ಲಿ ಇನ್ನೂ ಹೆಚ್ಚಿನ ಸೆಟ್ಟಿಂಗ್‌ಗಳಿವೆ. ನಮ್ಮದು ಮೂರು ಸಾಲಿನ ಬಡ ಆವೃತ್ತಿ.

ಬದಲಾಯಿಸದ ಕೋಡ್ ಮೇಲೆ ಓಡಿಸಿದಾಗ ಒಂದು ಪುಟವೂ ಕಳೆಯಲಿಲ್ಲ. ಬರೆದವರು ಅಷ್ಟು ಹುಷಾರಾಗಿ ಬರೆದಿದ್ದಾರೆ. ಇನ್ನು ಕೆಡಿಸಿದರೆ ಅದು ನಮ್ಮ ಕೈಯಿಂದಲೇ.

ಮೊದಲ ಬದಲಾವಣೆ ಸುಲಭದ್ದು. ಸೊನ್ನೆ ತುಂಬಿದ ಪುಟ ಕೊಡುವ ಫಂಕ್ಷನ್. ಹೆಸರು ಲಿನಕ್ಸ್‌ನಿಂದ ಎರವಲು ತಂದು ಕೆ-ಝಾಲಾಕ್ ಅಂತ ಇಟ್ಟೆವು. ಅವಳು ಮೊದಲು ಬರೆದದ್ದು ಕೆ-ಆಲಾಕ್ ಕರೆದು, ಸಿಕ್ಕರೆ ಮೆಮ್‌ಸೆಟ್ ಮಾಡು ಅನ್ನುವ ಎರಡು ಸಾಲು. ಅದೂ ಸರಿಯೇ. ಆದರೆ ಅದರಲ್ಲಿ ಪುಟದ 4096 ಬೈಟ್‌ಗೂ ಮೊದಲು 5 ಬರೆದು, ಮರುಕ್ಷಣ ಅದರ ಮೇಲೆ 0 ಬರೆಯುತ್ತೇವೆ. ಹಳೆಯ ಕೋಡ್‌ನಲ್ಲೂ ಎಂಟು ಕಡೆ ಆಗುತ್ತಿದ್ದದ್ದು ಇದೇ. ಪುಟ ಕೇಳಿದವರಿಗೆ ಸೊನ್ನೆ ಬೇಕು ಅನ್ನುವುದು ಕೆ-ಆಲಾಕ್‌ಗೆ ಗೊತ್ತಾಗುವ ದಾರಿ ಇರಲಿಲ್ಲ, ಹಾಗಾಗಿ ಎರಡೆರಡು ಸಲ ಬರೆಯುತ್ತಿತ್ತು.

ಆದ್ದರಿಂದ ಒಳಗೆ ಒಂದು ಫಂಕ್ಷನ್ ಮಾಡಿದೆವು. ಲಾಕ್ ಹಿಡಿ, ಲಿಸ್ಟ್‌ನಿಂದ ಪುಟ ತೆಗೆ, ಕೌಂಟ್‌ಡೌನ್ ನೋಡು, ಲಾಕ್ ಬಿಡು. ಇಷ್ಟೇ, ಏನೂ ತುಂಬುವುದಿಲ್ಲ. ಕೆ-ಆಲಾಕ್ ಇದನ್ನು ಕರೆದು 5 ತುಂಬುತ್ತದೆ, ಕೆ-ಝಾಲಾಕ್ ಇದನ್ನೇ ಕರೆದು 0 ತುಂಬುತ್ತದೆ. ತುಂಬುವ ಕೆಲಸ ಎರಡರಲ್ಲೂ ಲಾಕ್ ಬಿಟ್ಟ ಮೇಲೆಯೇ ನಡೆಯಬೇಕು. ಮೂಲ ಕೋಡ್‌ನಲ್ಲೂ ಹಾಗೇ ಇದೆ. 4096 ಬೈಟ್ ಬರೆಯುವಷ್ಟು ಹೊತ್ತು ಉಳಿದ ಸಿಪಿಯುಗಳನ್ನು ಬಾಗಿಲಲ್ಲಿ ನಿಲ್ಲಿಸಲು ಕಾರಣವೇ ಇಲ್ಲ.

ವಾಕ್, ಯುವಿಎಂ-ಕ್ರಿಯೇಟ್, ಯುವಿಎಂ-ಆಲಾಕ್ ಈ ಮೂರರಲ್ಲಿ ಕೆ-ಝಾಲಾಕ್ ಹಾಕಿ ಮೆಮ್‌ಸೆಟ್ ಸಾಲು ತೆಗೆದೆವು. ಬೂಟ್ ಆಯಿತು, ಪರೀಕ್ಷೆ ಪಾಸಾಯಿತು.

ಆಗ ಅವಳೊಂದು ಪ್ರಶ್ನೆ ಕೇಳಿದಳು. ಪೇಜ್ ಟೇಬಲ್‌ನಲ್ಲಿ ನಮೂದು ಹುಡುಕುವ ವಾಕ್‌ನಲ್ಲಿ ಸೊನ್ನೆ ತುಂಬದಿದ್ದರೆ ನಿಜಕ್ಕೂ ಏನಾಗುತ್ತದೆ? ಹೇಳಿದರೆ ಸಾಲದು, ಮಾಡಿ ನೋಡೋಣ ಅಂತ ವಾಕ್‌ನಲ್ಲಿ ಮಾತ್ರ ಕೆ-ಝಾಲಾಕ್ ಬದಲು ಕೆ-ಆಲಾಕ್ ಇಟ್ಟೆವು. ಕರ್ನಲ್ ಬೂಟ್ ಆಗುತ್ತಿದೆ ಅನ್ನುವ ಒಂದು ಸಾಲು ಬಂತು, ಮತ್ತೆ ಏನೂ ಇಲ್ಲ. ಪ್ಯಾನಿಕ್ ಸಂದೇಶವೂ ಇಲ್ಲ. ಲ್ಯಾಪ್‌ಟಾಪ್ ಫ್ಯಾನ್ ಮಾತ್ರ ಜೋರಾಯಿತು.

ಜಿಡಿಬಿ ಡೀಬಗರ್ ಹಾಕಿ, ಪುಟವನ್ನು ಪೇಜ್ ಟೇಬಲ್‌ಗೆ ಸೇರಿಸುವ ಮ್ಯಾಪ್‌ಪೇಜಸ್ ಒಳಗೆ ವಾಕ್ ಮುಗಿದ ಕೂಡಲೇ ನಿಲ್ಲಿಸಿದೆವು. ವಾಕ್ ಕೊಟ್ಟ ವಿಳಾಸ ಹೆಕ್ಸ್‌ನಲ್ಲಿ 1414141414141000. ನೋಡಿದರೆ ಯಾರೋ ತಮಾಷೆಗೆ ಬರೆದಂತೆ ಕಾಣುತ್ತದೆ. ಆದರೆ ಲೆಕ್ಕ ನೆಟ್ಟಗಿದೆ. ಬೂಟ್‌ನಲ್ಲಿ ಕರ್ನಲ್ ಮೊದಲು ಮ್ಯಾಪ್ ಮಾಡುವುದು ಸೀರಿಯಲ್ ಪೋರ್ಟನ್ನು. ಮೂರು ಹಂತದ ಪೇಜ್ ಟೇಬಲ್‌ನಲ್ಲಿ ಮೊದಲ ಹಂತ ಖಾಲಿ ಇತ್ತು, ಅದಕ್ಕೆ ವಾಕ್ ಎರಡನೇ ಹಂತಕ್ಕೆ ಹೊಸ ಪುಟ ತಗೊಂಡಿತು. ಆ ಪುಟದಲ್ಲಿ ಎಲ್ಲ ಬೈಟ್‌ಗಳೂ 5. ಅಂದರೆ ಪ್ರತಿ ನಮೂದೂ 0505050505050505. ಬೈನರಿಯಲ್ಲಿ 5 ಅಂದರೆ 101. ಕೆಳಗಿನ ಬಿಟ್ 1 ಇದ್ದರೆ ಈ ನಮೂದು ಅಸಲಿ ಅಂತ ಅರ್ಥ. ವಾಕ್ ಅದೊಂದನ್ನೇ ನೋಡುತ್ತದೆ. ಅಸಲಿ ಅಂದುಕೊಂಡು ನಮೂದಿನಿಂದ ವಿಳಾಸ ತೆಗೆಯಿತು: ಬಲಕ್ಕೆ 10 ಬಿಟ್ ಸರಿಸು, ಎಡಕ್ಕೆ 12 ಬಿಟ್ ಸರಿಸು. ಸರಿಸಿ ನೋಡಿ, 1414141414141000 ಬರುತ್ತದೆ. ಅಲ್ಲಿ ರಾಮ್ ಇಲ್ಲ, ಏನೂ ಇಲ್ಲ. ಓದಲು ಹೋದಾಗ ಟ್ರ್ಯಾಪ್ ಆಯಿತು, ಅಂದರೆ ಸಿಪಿಯು ಕೆಲಸ ನಿಲ್ಲಿಸಿ ತಪ್ಪು ನೋಡಿಕೊಳ್ಳುವ ಕೋಡ್‌ಗೆ ಹೊರಟಿತು. ಆದರೆ ಟ್ರ್ಯಾಪ್ ಬಂದರೆ ಎಲ್ಲಿಗೆ ಹೋಗಬೇಕು ಅಂತ ಕರ್ನಲ್ ಇನ್ನೂ ಹೇಳಿಯೇ ಇಲ್ಲ, ಅದು ಬೂಟ್‌ನಲ್ಲಿ ಆಮೇಲೆ ಬರುವ ಹಂತ. ಹಾಗಾಗಿ ಸಿಪಿಯು ಸೊನ್ನೆ ವಿಳಾಸಕ್ಕೆ ಜಿಗಿದು ಅಲ್ಲೇ ಮತ್ತೆ ಮತ್ತೆ ಟ್ರ್ಯಾಪ್ ಆಗುತ್ತಾ ಗಿರಕಿ ಹೊಡೆಯಿತು. ಫ್ಯಾನ್ ಜೋರಾಗಿದ್ದು ಅದಕ್ಕೇ.

5ರ ಬದಲು ಕೆ-ಫ್ರೀ ತುಂಬುವ 1 ಉಳಿದಿದ್ದರೂ ಕಥೆ ಬೇರೆಯಾಗುತ್ತಿರಲಿಲ್ಲ. ಅಸಲಿ ಬಿಟ್ ಮಾತ್ರ ಇದ್ದು, ಓದು, ಬರೆ, ಓಡಿಸು ಯಾವುದೂ ಇಲ್ಲದಿದ್ದರೆ ರಿಸ್ಕ್-ಫೈವ್‌ನಲ್ಲಿ ಅದು ಮುಂದಿನ ಹಂತದ ಟೇಬಲ್‌ಗೆ ಕೈತೋರಿಸುವ ನಮೂದು. 1 ನೋಡಲು ಅಪ್ಪಟ ಪೇಜ್ ಟೇಬಲ್ ನಮೂದಿನಂತೆಯೇ ಇರುತ್ತದೆ. ಅಂತೂ ಪೇಜ್ ಟೇಬಲ್ ಪುಟಕ್ಕೆ ಸೊನ್ನೆ ತುಂಬುವುದು ಸ್ವಚ್ಛತೆಗಾಗಿ ಅಲ್ಲ. ಅದಿಲ್ಲದೆ ಅದು ಪೇಜ್ ಟೇಬಲ್ಲೇ ಅಲ್ಲ.

ಎರಡನೆಯದು ಬೂಟ್ ಸಮಯದ ಕೋರಿಕೆಗಳು. ಕೌಂಟ್‌ಡೌನ್‌ಗೆ ಕಂಪೈಲ್ ಮಾಡುವಾಗಲೇ 1 ಕೊಟ್ಟು ಮೂಲ ಕೋಡನ್ನು ಬೂಟ್ ಮಾಡಿದೆವು. ಮೊದಲ ಕೋರಿಕೆ ಬರುವುದು ಕೆವಿಎಂ-ಮೇಕ್‌ನಿಂದ. ಅದು ನೋಡದೆ ಸೊನ್ನೆ ವಿಳಾಸಕ್ಕೆ ಮೆಮ್‌ಸೆಟ್ ಮಾಡಲು ಹೋಯಿತು. ಫಲಿತಾಂಶ ಮೇಲಿನ ಹಾಗೆಯೇ, ಒಂದು ಸಾಲು ಬಂದು ಮೌನ. ಡಿಸ್ಕ್ ಡ್ರೈವರ್ ಇದೇ ಪರಿಸ್ಥಿತಿಯಲ್ಲಿ ಅಚ್ಚುಕಟ್ಟಾಗಿ ಪ್ಯಾನಿಕ್ ಆಗಿ ಕಾರಣ ಹೇಳುತ್ತದೆ. ಬೂಟ್‌ನಲ್ಲಿ ಮೆಮೊರಿ ಸಿಗದಿದ್ದರೆ ಮುಂದೆ ಹೋಗುವ ದಾರಿ ಹೇಗೂ ಇಲ್ಲ, ಹಾಗಿದ್ದಾಗ ಎಲ್ಲರೂ ಬಾಯಿಬಿಟ್ಟು ಹೇಳಿಯೇ ನಿಲ್ಲಲಿ. ಸೊನ್ನೆ ತುಂಬಿ ಕೊಡುವ, ಸಿಗದಿದ್ದರೆ ಪ್ಯಾನಿಕ್ ಆಗುವ ಒಂದು ಫಂಕ್ಷನ್ ಬರೆದು ಕೆವಿಎಂ-ಮೇಕ್, ಯುವಿಎಂ-ಫಸ್ಟ್, ಡಿಸ್ಕ್ ಡ್ರೈವರ್‌ನ ಮೂರು, ಹೀಗೆ ಐದು ಕಡೆ ಹಾಕಿದೆವು. ನಡವಳಿಕೆ ಬದಲಾಗಬಾರದು ಅನ್ನುವ ನಿಯಮವನ್ನು ಇಲ್ಲೊಂದು ಕಡೆ ಗೊತ್ತಿದ್ದೇ ಮುರಿದಿದ್ದೇವೆ. ಸುಮ್ಮನೆ ನಿಲ್ಲುವ ಕರ್ನಲ್‌ಗಿಂತ ಹೇಳಿ ನಿಲ್ಲುವ ಕರ್ನಲ್ ವಾಸಿ. ಬದಲಾವಣೆಯನ್ನು ದಾಖಲಿಸುವ ಕಮಿಟ್ ಸಂದೇಶದಲ್ಲಿ ಅದನ್ನು ಬರೆದಿದ್ದೇವೆ.

ಕರ್ನಲ್ ಸ್ಟ್ಯಾಕ್ ಕೂಡ ಬೂಟ್‌ನದ್ದೇ, ಪ್ಯಾನಿಕ್ ಕೂಡ ಆಗುತ್ತದೆ. ಅದನ್ನೂ ಇದಕ್ಕೇ ಸೇರಿಸಬಹುದಿತ್ತು. ಸೇರಿಸಲಿಲ್ಲ. ಅಲ್ಲಿ ಸೊನ್ನೆ ಬೇಡ, 5 ಇದ್ದರೇ ಒಳ್ಳೆಯದು. ಎಕ್ಸ್‌ವಿ6ನಲ್ಲಿ ಒಂದು ಪ್ರೊಸೆಸ್‌ನ ಕರ್ನಲ್ ಸ್ಟ್ಯಾಕ್ ಒಂದೇ ಪುಟ. ಸ್ಟ್ಯಾಕ್ ಮೇಲಿಂದ ಕೆಳಗೆ ಬೆಳೆಯುತ್ತದೆ. ಸ್ವಲ್ಪ ಹೊತ್ತು ಓಡಿಸಿ ಆ ಪುಟವನ್ನು ಜಿಡಿಬಿಯಲ್ಲಿ ನೋಡಿದರೆ, ಕೆಳಗೆ 05 ಉಳಿದಿರುವಷ್ಟು ಜಾಗವನ್ನು ಯಾರೂ ಮುಟ್ಟಿಲ್ಲ ಅಂತ ಗೊತ್ತಾಗುತ್ತದೆ. ಪುಕ್ಕಟೆ ಸಿಗುವ ಅಳತೆಗೋಲು ಅದು, ಸೊನ್ನೆ ತುಂಬಿ ಯಾಕೆ ಕಳೆದುಕೊಳ್ಳಬೇಕು?

ಮೂರನೆಯದರಲ್ಲಿ ಹೆಚ್ಚು ಹೊತ್ತು ಹೋಯಿತು. ಯುವಿಎಂ-ಆಲಾಕ್ ಮತ್ತು ಯುವಿಎಂ-ಕಾಪಿ ಎರಡೂ ಪುಟ ತಗೊಂಡು, ಅದನ್ನು ಮ್ಯಾಪ್‌ಪೇಜಸ್‌ಗೆ ಕೊಡುತ್ತವೆ. ನೋಡಲು ಅವಳಿ ಜವಳಿ. ಅಕ್ಕನ ಮಗಳು ಎರಡಕ್ಕೂ ಸೇರಿ ಒಂದು ಫಂಕ್ಷನ್ ಬರೆದಳು: ಕೆ-ಝಾಲಾಕ್‌ನಿಂದ ಪುಟ ತಗೋ, ಮ್ಯಾಪ್ ಮಾಡು, ಮ್ಯಾಪ್ ಆಗದಿದ್ದರೆ ಸೊನ್ನೆ ಕೊಡು. ಎಕ್ಸ್‌ವಿ6 ಜೊತೆಗೇ ಬರುವ ಯೂಸರ್‌ಟೆಸ್ಟ್ಸ್ ಅನ್ನುವ ಪರೀಕ್ಷೆಯನ್ನು ಬೇಗ ಮುಗಿಯುವ ಆಯ್ಕೆ ಕೊಟ್ಟು ಓಡಿಸಿದಳು. ಎಲ್ಲ ಪಾಸು.

ಬೇಗ ಮುಗಿಯುವ ಆಯ್ಕೆಯಲ್ಲಿ ನಿಧಾನದ ಪರೀಕ್ಷೆಗಳು ಬಿಟ್ಟು ಹೋಗುತ್ತವೆ. ಅದರಲ್ಲಿ ಎಕ್ಸೆಕ್‌ಔಟ್ ಅನ್ನುವುದೊಂದಿದೆ. ಅದು ಇರುವ ಮೆಮೊರಿಯನ್ನೆಲ್ಲ ನುಂಗಿ, ಕೆಲವೇ ಪುಟ ವಾಪಸ್ ಕೊಟ್ಟು, ಅಷ್ಟರಲ್ಲೇ ಎಕ್ಸೆಕ್ ಮಾಡಿಸುತ್ತದೆ. ಸೊನ್ನೆ ಪುಟದಿಂದ ಶುರು ಮಾಡಿ ಒಂದೊಂದೇ ಹೆಚ್ಚಿಸುತ್ತಾ ಹೋಗುತ್ತದೆ. ಅದೊಂದನ್ನೇ ಓಡಿಸಿದೆವು. ಕೊನೆಯಲ್ಲಿ ಕೆಲವು ಖಾಲಿ ಪುಟ ಕಳೆದಿವೆ ಅಂತ ಹೇಳಿ ಫೇಲ್ ಆಯಿತು. ಯೂಸರ್‌ಟೆಸ್ಟ್ಸ್ ತಾನೇ ಮೊದಲು ಮತ್ತು ಕೊನೆಗೆ ಪುಟ ಎಣಿಸಿ ನೋಡುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಎಲ್ಲಿ ಕಳೆಯಿತು ಅಂತ ಹೇಳುವುದಿಲ್ಲ.

ಎಲ್ಲಿ ಅಂತ ಹೇಳಿದ್ದು ನಮ್ಮ ಕೌಂಟ್‌ಡೌನ್. ಫೋರ್ಕ್ ಪರೀಕ್ಷೆಯಲ್ಲಿ 1ರಿಂದ 5ರವರೆಗೆ ಸರಿ ಇತ್ತು. 6ರಲ್ಲಿ ಒಂದು ಪುಟ ಹೋಯಿತು. 7ರಲ್ಲಿ ಇನ್ನೊಂದು. 8ರಿಂದ ಮತ್ತೆ ಸರಿ.

ಯಾಕೆ 6 ಮತ್ತು 7? ಫೋರ್ಕ್ ಕೇಳುವ ಪುಟಗಳನ್ನು ಬೆರಳು ಮಡಚಿ ಎಣಿಸಿದೆವು. ಮೊದಲನೆಯದು ಟ್ರ್ಯಾಪ್‌ಫ್ರೇಮ್. ಎರಡನೆಯದು ಹೊಸ ಪ್ರೊಸೆಸ್‌ನ ಮೂಲ ಪೇಜ್ ಟೇಬಲ್. ಮೂರು, ನಾಲ್ಕು ವಿಳಾಸ ಜಾಗದ ತುತ್ತತುದಿಯಲ್ಲಿರುವ ಟ್ರ್ಯಾಂಪೊಲಿನ್ ಪುಟವನ್ನು (ಕರ್ನಲ್‌ಗೆ ಹೋಗಿಬರುವ ಕೋಡ್ ಇರುವ ಪುಟ) ಮ್ಯಾಪ್ ಮಾಡಲು ಬೇಕಾದ ಕೆಳಹಂತದ ಎರಡು ಟೇಬಲ್. ಐದನೆಯದು ಯೂಸರ್ ಪ್ರೋಗ್ರಾಮಿನ ಮೊದಲ ಪುಟ. ಈಗ ಅದನ್ನು ವಿಳಾಸ ಸೊನ್ನೆಗೆ ಮ್ಯಾಪ್ ಮಾಡಬೇಕು. ಅದಕ್ಕೆ ಮತ್ತೆ ಕೆಳಹಂತದ ಎರಡು ಟೇಬಲ್ ಬೇಕು, ಅವೇ ಆರು ಮತ್ತು ಏಳು. ಈ ಎರಡರಲ್ಲಿ ಯಾವುದು ಸಿಗದಿದ್ದರೂ ಮ್ಯಾಪ್‌ಪೇಜಸ್ ಸೋಲುತ್ತದೆ. ಆಗ ಐದನೇ ಪುಟ ನಮ್ಮ ಕೈಯಲ್ಲಿದೆ, ಆದರೆ ಯಾವ ಟೇಬಲ್‌ನಲ್ಲೂ ಇಲ್ಲ. ಆಮೇಲೆ ಟೇಬಲ್ ಬಿಚ್ಚುವವರಿಗೆ ಅದು ಕಾಣುವುದೇ ಇಲ್ಲ. ಮೂಲ ಕೋಡ್‌ನಲ್ಲಿ ಈ ಜಾಗದಲ್ಲಿ ಪುಟವನ್ನು ಕೆ-ಫ್ರೀ ಮಾಡುವ ಒಂದೇ ಒಂದು ಸಾಲಿದೆ. ಹೊಸ ಫಂಕ್ಷನ್‌ಗೆ ಅದು ಬಂದಿರಲಿಲ್ಲ. ಎಂಟನೇ ಕೋರಿಕೆಯ ಹೊತ್ತಿಗೆ ಟೇಬಲ್‌ಗಳು ಸಿದ್ಧ, ಮುಂದಿನ ಪುಟಗಳಿಗೆ ಮ್ಯಾಪ್ ಸೋಲುವ ಪ್ರಶ್ನೆಯೇ ಬರುವುದಿಲ್ಲ.

ಮಾಮೂಲಿ ಪರೀಕ್ಷೆಯಲ್ಲಿ ಇದು ಸಿಗದ ಕಾರಣವೂ ಇದೇ. ಕೆಳಗಿನ ಹಂತದ ಒಂದು ಟೇಬಲ್‌ನಲ್ಲಿ 512 ನಮೂದು, ಅಂದರೆ 2 ಎಂಬಿ ಮೆಮೊರಿ. ಪ್ರೋಗ್ರಾಮ್ ಒಂದೊಂದೇ ಪುಟ ಕೇಳುತ್ತಾ ಮೆಮೊರಿ ಮುಗಿಸಿದರೆ, 512 ಪುಟಕ್ಕೊಮ್ಮೆ ಮಾತ್ರ ಟೇಬಲ್‌ಗೆ ಪುಟ ಬೇಕಾಗುತ್ತದೆ. ಮೆಮೊರಿ ಸರಿಯಾಗಿ ಅದೇ ಕೋರಿಕೆಗೆ ಮುಗಿಯಬೇಕು. ಅದೃಷ್ಟ ನಂಬಿಕೊಂಡು ಇಂಥದ್ದನ್ನು ಹಿಡಿಯಲಿಕ್ಕೆ ಆಗುವುದಿಲ್ಲ.

ಕೆ-ಫ್ರೀ ಸಾಲು ಸೇರಿಸಿದ ಮೇಲೆ 6, 7 ಎರಡೂ ಸರಿಯಾದವು. ಆದರೂ ಆ ಫಂಕ್ಷನ್ ಉಳಿಸಿಕೊಳ್ಳಲಿಲ್ಲ. ಯುವಿಎಂ-ಕಾಪಿಗೆ ಸೊನ್ನೆ ಬೇಡ. ತಂದೆ ಪ್ರೊಸೆಸ್‌ನ ಇಡೀ ಪುಟವನ್ನು ಅದರ ಮೇಲೆ ಕಾಪಿ ಮಾಡುತ್ತದೆ, 4096 ಬೈಟೂ ತುಂಬುತ್ತದೆ. ಅದನ್ನು ಬಿಟ್ಟರೆ ಫಂಕ್ಷನ್‌ಗೆ ಉಳಿಯುವುದು ಯುವಿಎಂ-ಆಲಾಕ್ ಒಂದೇ ಗಿರಾಕಿ. ಒಬ್ಬರೇ ಕರೆಯುವುದಾದರೆ ಅದು ಅವರ ಮನೆಯಲ್ಲೇ ಇರಲಿ. ಅವಳಿಗೆ ಸ್ವಲ್ಪ ಬೇಜಾರಾಯಿತು. ಆದರೆ ಡಿಲೀಟ್ ಮಾಡಿದ್ದು ಅವಳೇ.

ಹೀಗೆ ಎಣಿಸುವಾಗ ಇನ್ನೊಂದು ತಮಾಷೆ ಕಂಡಿತು. ಟ್ರ್ಯಾಂಪೊಲಿನ್ ಆದ ಮೇಲೆ ಅದರ ಪಕ್ಕದ ಪುಟಕ್ಕೆ ಟ್ರ್ಯಾಪ್‌ಫ್ರೇಮ್ ಮ್ಯಾಪ್ ಆಗುತ್ತದೆ. ಅದು ಸೋತರೆ ಏನು ಮಾಡಬೇಕು ಅಂತ ನಾಲ್ಕಾರು ಸಾಲು ಇವೆ. ಆದರೆ ಎರಡೂ ಅಕ್ಕಪಕ್ಕದ ಪುಟ, ಒಂದೇ ಟೇಬಲ್‌ನಲ್ಲಿ ಬರುತ್ತವೆ. ಮೊದಲನೆಯದು ಗೆದ್ದರೆ ಎರಡನೆಯದಕ್ಕೆ ಹೊಸ ಪುಟವೇ ಬೇಡ. ನಮ್ಮ ಕೌಂಟ್‌ಡೌನ್ ಎಷ್ಟೇ ಹಾಕಿದರೂ ಆ ಸಾಲುಗಳಿಗೆ ಹೋಗಲಾಗಲಿಲ್ಲ. "ತೆಗೆದುಬಿಡ್ಲಾ?" ಅಂದಳು. ಬೇಡ ಅಂದೆ. ನಾಳೆ ಯಾರಾದರೂ ಟ್ರ್ಯಾಪ್‌ಫ್ರೇಮ್ ಜಾಗ ಬದಲಿಸಿದರೆ ಆ ಸಾಲು ಬೇಕಾಗುತ್ತದೆ.

ಉಳಿದವನ್ನು ಹಾಗೇ ಬಿಟ್ಟೆವು. ಪೈಪ್, ಎಕ್ಸೆಕ್ ಆರ್ಗ್ಯುಮೆಂಟ್, ಟ್ರ್ಯಾಪ್‌ಫ್ರೇಮ್, ಯುವಿಎಂ-ಕಾಪಿ, ಕರ್ನಲ್ ಸ್ಟ್ಯಾಕ್ ಈ ಐದೂ ಕೆ-ಆಲಾಕ್ ಆಗಿಯೇ ಇವೆ. ಕೆ-ಫ್ರೀಗೆ ಸೊನ್ನೆ ಕೊಟ್ಟರೂ ಸುಮ್ಮನಿರುವಂತೆ ಮಾಡಿದರೆ ಅಲ್ಲಲ್ಲಿನ ಇಫ್ ತೆಗೆಯಬಹುದು ಅನ್ನುವ ಸಲಹೆಯೂ ಬಂತು. ಲಿನಕ್ಸ್‌ನಲ್ಲಿ ಹಾಗೇ ಇದೆ. ಎಕ್ಸ್‌ವಿ6ನಲ್ಲಿ ಸೊನ್ನೆ ಕೊಟ್ಟರೆ ಪ್ಯಾನಿಕ್. ಓದಿ ಕಲಿಯುವ ಕರ್ನಲ್‌ನಲ್ಲಿ ಪ್ಯಾನಿಕ್ಕೇ ಒಳ್ಳೆಯದು ಅಂತ ನನ್ನ ಲೆಕ್ಕ. ತಪ್ಪು ಮುಚ್ಚಿಹೋಗುವುದಿಲ್ಲ.

ಲಿನಕ್ಸ್ ಮಾತು ಬಂತಲ್ಲ, ಅಲ್ಲೂ ಈ ಕಥೆ ನಡೆದಿದೆ, ದೊಡ್ಡ ಮಟ್ಟದಲ್ಲಿ. ಮೆಮೊರಿ ಕೇಳಲು ಕೆ-ಮಾಲಾಕ್ ಮಾಡಿ ಕೆಳಗೆ ಮೆಮ್‌ಸೆಟ್ ಮಾಡುವ ಜೋಡಿ ಸಾಲು ಕರ್ನಲ್ ತುಂಬ ಇತ್ತು. 2005ರಲ್ಲಿ 2.6.14 ಆವೃತ್ತಿಗೆ ಕೆ-ಝಾಲಾಕ್ ಬಂತು. ಆಮೇಲೆ ಜೋಡಿ ಸಾಲುಗಳನ್ನು ಬದಲಿಸುವುದೇ ಒಂದು ಕೆಲಸವಾಯಿತು. ಕಾಕ್ಸಿನೆಲ್ ಅನ್ನುವ ಸಾಧನ ಸಿ ಕೋಡ್‌ನ ರಚನೆಯನ್ನೇ ಅರ್ಥ ಮಾಡಿಕೊಂಡು ಇಂಥ ಜೋಡಿಗಳನ್ನು ಹುಡುಕುತ್ತದೆ. ಇದಕ್ಕೆಂದೇ ಬರೆದ ಸ್ಕ್ರಿಪ್ಟ್ ಕರ್ನಲ್ ಮೂಲದ ಜೊತೆಗೇ ಬರುತ್ತದೆ. ಗ್ರೆಪ್‌ನಿಂದ ಅಷ್ಟು ಆಗುವುದಿಲ್ಲ, ನಡುವೆ ಒಂದು ಸಾಲು ಬಂದರೆ ಅದಕ್ಕೆ ಕಾಣುವುದಿಲ್ಲ. ಇನ್ನೂ ಒಂದು ಉದಾಹರಣೆ ಕೆ-ಕ್ಯಾಲಾಕ್. ಎಷ್ಟು ವಸ್ತು, ಒಂದೊಂದು ಎಷ್ಟು ಬೈಟ್ ಅಂತ ಬೇರೆ ಬೇರೆ ಕೊಡಬೇಕು. ಗುಣಿಸಿದಾಗ ಸಂಖ್ಯೆ ಮಿತಿ ಮೀರಿದರೆ ಮೆಮೊರಿ ಕೊಡುವುದಿಲ್ಲ. ಪ್ರತಿಯೊಬ್ಬರೂ ತಾವೇ ಗುಣಿಸಿಕೊಂಡಾಗ ಆ ತಪಾಸಣೆ ಬಿಟ್ಟುಹೋಗುತ್ತಿತ್ತು. ಇಂಥ ಕಡೆ ಒಂದಾಗಿಸುವುದರ ಲಾಭ ಸಾಲು ಉಳಿತಾಯ ಅಲ್ಲ, ಭದ್ರತೆ.

ಅದಕ್ಕಿಂತ ದೊಡ್ಡ ಕಾಪಿ ಅಂದರೆ ಹಂಚುವ ಯಂತ್ರಗಳೇ. ಜೆಫ್ ಬಾನ್‌ವಿಕ್ 1994ರಲ್ಲಿ ಸೋಲಾರಿಸ್‌ಗಾಗಿ ಸ್ಲ್ಯಾಬ್ ಯೋಚನೆಯನ್ನು, ಅಂದರೆ ಪುಟವನ್ನು ಒಂದೇ ಅಳತೆಯ ಚಿಕ್ಕ ತುಂಡುಗಳಾಗಿ ಹಂಚುವುದನ್ನು, ವಿವರಿಸಿದರು. ಲಿನಕ್ಸ್‌ನಲ್ಲಿ ಚಿಕ್ಕ ಅಳತೆಯ ಹಂಚಿಕೆಗೆ ಮೂರು ಯಂತ್ರ ಇದ್ದವು: ಸ್ಲ್ಯಾಬ್, ಸ್ಲಾಬ್, ಸ್ಲಬ್. ಹೆಸರು ಕೇಳಿದರೆ ತಮಾಷೆ, ನೋಡಿಕೊಳ್ಳುವವರಿಗೆ ತ್ರಿವಳಿ ಕೆಲಸ. 2023ರಲ್ಲಿ 6.4 ಆವೃತ್ತಿಯಿಂದ ಸ್ಲಾಬ್ ಹೋಯಿತು. 2024ರಲ್ಲಿ 6.8ರಿಂದ ಸ್ಲ್ಯಾಬ್ ಹೋಯಿತು. ಈಗ ಉಳಿದಿರುವುದು 2007ರಲ್ಲಿ ಸೇರಿದ ಸ್ಲಬ್ ಒಂದೇ.

ನಮ್ಮ ಕಮಿಟ್‌ಗಳು ಈಗ ಹೀಗಿವೆ. ಮೊದಲು ಎಣಿಕೆ ಮತ್ತು ಕೌಂಟ್‌ಡೌನ್, ಅದರ ಪರೀಕ್ಷೆಯ ಜೊತೆ. ಆಮೇಲೆ ಕೆ-ಝಾಲಾಕ್. ಆಮೇಲೆ ಬೂಟ್‌ನ ಫಂಕ್ಷನ್. ಪ್ರತಿ ಕಮಿಟ್ ಮೇಲೂ ಪೂರ್ತಿ ಯೂಸರ್‌ಟೆಸ್ಟ್ಸ್ ಓಡಿಸಿದ್ದೇವೆ, ಬೇಗ ಮುಗಿಯುವ ಆಯ್ಕೆ ಇಲ್ಲದೆ. ಎಕ್ಸೆಕ್‌ಔಟ್ ನಡೆಯುವಾಗ ಒಂದು ಲೋಟ ಕಷಾಯ ಕುಡಿದು ಮುಗಿಸಬಹುದು.

ಪೈಪ್ ಮಾತ್ರ ಅವಳನ್ನು ಬಿಟ್ಟಿಲ್ಲ. ಪೈಪ್‌ನ ಬಫರ್ 512 ಬೈಟ್, ಮೇಲೆ ಒಂದಿಷ್ಟು ಲೆಕ್ಕಪತ್ರ. ಅದಕ್ಕೆ 4096 ಬೈಟ್‌ನ ಪುಟ ಹೋಗುತ್ತದೆ. ಒಂದು ಪುಟದಲ್ಲಿ ಆರೇಳು ಪೈಪ್ ಹಿಡಿಸಬಹುದು ಅನ್ನುತ್ತಾಳೆ, ಲೆಕ್ಕ ಸರಿ. ಆದರೆ ಅದಕ್ಕೆ ಚಿಕ್ಕ ಅಳತೆಯ ಹಂಚಿಕೆ ಬೇಕು, ಅಂದರೆ ಒಂದು ಪುಟ್ಟ ಸ್ಲ್ಯಾಬ್ ಬರೆಯಬೇಕು. ಅದು ಕಾಪಿ ಕೋಡ್ ತೆಗೆಯುವ ಕೆಲಸ ಅಲ್ಲ, ಹೊಸ ಕೋಡ್. ಈ ಬ್ರಾಂಚ್ ಮುಚ್ಚಿ ಬೇರೆ ಬ್ರಾಂಚ್ ತೆರೆದಿದ್ದಾಳೆ, ಮುಂದಿನದನ್ನು ಕಾರವಾರದಿಂದಲೇ ಕಳಿಸುತ್ತಾಳಂತೆ.